ಬೋರಲಾಗಿದ್ದ ಕಾರ್ಡುಗಳು

ಯಾದಗಿರಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಮೊನ್ನೆ ಸಕ್ಕರೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಡಾಂಬರ್ ಗುಳಿಗೆ ಕೇಳಿದಳು. ಅಂಗಡಿಯವನು ಬರಣಿಯ ಮುಚ್ಚಳ ತೆಗೆದ. ಹುಳ ಹತ್ತದಂತೆ ಸೀರೆಯ ಟ್ರಂಕಿನಲ್ಲಿ ಇಡುವ ಆ ಬಿಳಿ ಗುಳಿಗೆಯ ವಾಸನೆ ಯಾರಿಗಾದರೂ ಸೀರೆಯನ್ನೋ ಅಜ್ಜಿಯನ್ನೋ ನೆನಪಿಸಬೇಕು. ನನಗೆ ಮಾತ್ರ ಅದು ಮದುವೆ ಗಂಡುಗಳ ವಾಸನೆ. ನಗಬೇಡಿ, ಖರೆ ಮಾತು. ಶಹಾಪುರದಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ ವಧೂವರರ ಕೇಂದ್ರದಲ್ಲಿ ಗಂಡಿನ ಕಾರ್ಡು, ಹೆಣ್ಣಿನ ಕಾರ್ಡು ಎಲ್ಲವನ್ನೂ ಅಕ್ಕೋರು ಡಾಂಬರ್ ಗುಳಿಗೆಯ ಜೊತೆಗೇ ಇಡುತ್ತಿದ್ದರು. ಯಾವ ವರನ ಫೋಟೋ ಕೈಗೆತ್ತಿಕೊಂಡರೂ ಅದೇ ವಾಸನೆ… ಸಕ್ಕರೆಯನ್ನು ಅಲ್ಲೇ ಬಿಟ್ಟು ಹೊರಟಿದ್ದೆ. ಅಂಗಡಿಯವನು ಕೂಗಿ ಕರೆದು ಕೊಟ್ಟ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ಇವರು ಸುತ್ತಲಿನ ಹಳ್ಳಿಗಳ ಸರಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಗಂಡ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸುಮ್ಮನೆ ಕೂರುವುದು ಆಗದೆ, ಶಹಾಪುರದ ಬಸ್ ನಿಲ್ದಾಣದ ಹಿಂದೆ ಹತ್ತಿಬೀಜದ ಅಂಗಡಿಯ ಮೇಲೊಂದು ಕೋಣೆ ಹಿಡಿದು ಮದುವೆ ಜೋಡಿಸುವ ಕೆಲಸ ಶುರು ಮಾಡಿದ್ದರು. ತಮ್ಮ ಕೈಯಲ್ಲಿ ಕಲಿತ ಮಕ್ಕಳೇ ಮೀಸೆ ಬಂದ ಮೇಲೆ “ಅಕ್ಕೋರ, ನನಗೊಂದು ಹೆಣ್ಣು ನೋಡ್ರಿ” ಎಂದು ಬೆನ್ನು ಹತ್ತಿದ್ದರಿಂದ ಶುರುವಾದದ್ದು ಎನ್ನುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತಿದೆಯಲ್ಲ, ಅವರ ಮುಂದೆ ಯಾರಾದರೂ ಅದನ್ನು ಆಡಿದರೆ ಮುಗಿಯಿತು, ಎದ್ದು ಹೋಗು ಎನ್ನುತ್ತಿದ್ದರು. ಹುಡುಗನಿಗೆ ಎರಡೆಕರೆ ಇದ್ದರೆ ಕಾರ್ಡಿನಲ್ಲಿ ಎರಡೇ. ಕುಡಿತ “ಹಬ್ಬಕ್ಕಷ್ಟೇ” ಎಂದು ಬರೆಸಲು ಬಂದವರಿಗೆ “ನಿಮ್ಮನ್ಯಾಗ ವರ್ಷಕ್ಕ ಹಬ್ಬ ಎಷ್ಟು, ಅದನ್ನ ಮೊದಲ ಹೇಳ್ರಿ” ಎಂದು ಪೆನ್ನು ಹಿಡಿದು ಕೂರುತ್ತಿದ್ದರು. ಇಂಥವರ ವ್ಯಾಪಾರ ಹೇಗೆ ನಡೆಯುತ್ತಿತ್ತೋ ಎಂದು ನನಗೇ ಆಶ್ಚರ್ಯ. ಆದರೆ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಅವರು ಹೌದು ಎಂದರೆ ಎರಡೂ ಮನೆಯವರು ಮತ್ತೆ ವಿಚಾರಿಸಲು ಹೋಗುತ್ತಿರಲಿಲ್ಲ.

ನಾನು ರಾಮಸಮುದ್ರದವಳು. ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಶಹಾಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸ ಹುಡುಕುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲಿ, ಕೆಲಸ ಮಾತ್ರ ಯಾವ ತುದಿಯಲ್ಲೂ ಇಲ್ಲ. ಅಕ್ಕೋರು ಹೊಸದಾಗಿ ಕಂಪ್ಯೂಟರ್ ತಂದಿದ್ದಾರೆ, ಕಾರ್ಡುಗಳನ್ನೆಲ್ಲ ಅದಕ್ಕೆ ಏರಿಸುವವರು ಬೇಕಂತೆ ಎಂದು ಚಿಕ್ಕಮ್ಮ ಸುದ್ದಿ ತಂದಳು. ಹೋದೆ. ಅವರು ಮೇಲಿಂದ ಕೆಳಗೆ ನೋಡಿ, “ನಿಂದೂ ಒಂದು ಕಾರ್ಡ್ ಮಾಡ್ಲೇನು?” ಎಂದರು. “ನಾ ಕೆಲಸಕ್ಕ ಬಂದೀನ್ರಿ, ಗಂಡಿಗಲ್ಲ” ಎಂದೆ. ಅವರು ಕನ್ನಡಕ ತೆಗೆದಿಟ್ಟು ಹೊಟ್ಟೆ ಅಲುಗುವಂತೆ ನಕ್ಕರು. ಆ ನಗುವಿಗಾಗಿಯೇ ನಾನು ಅಲ್ಲಿ ಉಳಿದೆ ಎಂದರೂ ತಪ್ಪಿಲ್ಲ.

ಕೋಣೆಯಲ್ಲಿ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳ ಒಂದು ಕಪಾಟು. ಒಬ್ಬೊಬ್ಬರಿಗೆ ಒಂದು ರಟ್ಟಿನ ಕಾರ್ಡು, ಮೂಲೆಗೆ ಪಿನ್ನು ಹಾಕಿದ ಫೋಟೋ, ಕೆಳಗೆ ಅಕ್ಕೋರ ದುಂಡಗಿನ ಅಕ್ಷರ. ಮದುವೆಯಾದವರ ಕಾರ್ಡಿನ ಮೇಲ್ತುದಿ ಮಡಚಿರುತ್ತಿತ್ತು. ಅಂಥವೇ ಅರ್ಧ ಕಪಾಟು ತುಂಬಿದ್ದವು. ನಾನು ಮೊದಲ ವಾರದಲ್ಲೇ ತಕರಾರು ತೆಗೆದೆ.

“ಲಗ್ನ ಆದವರದು ಯಾಕ ಇಟ್ಟೀರಿ? ಸುಮ್ನ ಜಾಗಾ ತಿಂತಾವ.”

“ಲಗ್ನ ಆದ ಕೂಡ್ಲೆ ಮನಷ್ಯಾ ಖಲಾಸ್ ಆಗ್ತಾನೇನು?” ಎಂದರು.

ಆಮೇಲೆ ನನಗೂ ತಿಳಿಯಿತು. ಗಂಡ ಸತ್ತವಳು ಎರಡು ವರ್ಷದ ಮೇಲೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮುರಿದುಬಿದ್ದವರು ಬರುತ್ತಿದ್ದರು. ಕೆಲವರು ತಮ್ಮನಿಗೆ, ತಂಗಿಗೆ ನೋಡಿ ಎಂದು ಬರುತ್ತಿದ್ದರು, ಹೊಸದಾಗಿ ಮನೆತನದ ಕತೆ ಹೇಳುವ ಕೆಲಸವೇ ಇಲ್ಲ, ಎಲ್ಲ ಹಳೆಯ ಕಾರ್ಡಿನಲ್ಲಿರುತ್ತಿತ್ತು. ಆದರೂ ನನ್ನ ತಲೆಯೊಳಗೆ ಕಂಪ್ಯೂಟರ್ ಕೋರ್ಸಿನ ಸರ್ ಕೂತಿದ್ದರು. ಬಳಕೆಯಲ್ಲಿಲ್ಲದ ದಾಖಲೆ ಎಂದರೆ ಕಸ, ಕಸವನ್ನು ಗುಡಿಸಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಎರಡು ವರ್ಷ ಸುದ್ದಿ ಇಲ್ಲದವರನ್ನು ಕಂಪ್ಯೂಟರ್ ತಾನೇ ತೆಗೆದುಹಾಕುವಂತೆ ನಾನು ಒಂದು ಏರ್ಪಾಟು ಮಾಡಹೊರಟಾಗ ಅಕ್ಕೋರು ಕುರ್ಚಿಯಿಂದ ಎದ್ದೇ ಬಂದರು.

“ಸಾಲ್ಯಾಗ ಒಂದು ಹುಡುಗ ತಿಂಗಳಗಟ್ಲೆ ಬರ್ಲಿಲ್ಲಂದ್ರ ಏನ ಮಾಡ್ತಿದ್ದೆ ಗೊತ್ತೇನು? ಹೆಸರು ಕಡಿಯೂಕಿಂತ ಮೊದಲ ಅವರ ಮನಿಗಿ ಹೋಗ್ತಿದ್ದೆ. ಊರು ಬಿಟ್ಟಾರೋ, ಜ್ವರ ಬಂದಾದೋ, ಕುರಿ ಕಾಯಾಕ ಹಚ್ಚ್ಯಾರೋ… ಹೋಗದ ಹ್ಯಾಂಗ ಗೊತ್ತಾಗ್ತದ?”

ಕುರಿಯ ಮಾತು ಬಂತೆಂದು ಇದೂ ಹೇಳಿಬಿಡುತ್ತೇನೆ. ಕುರಿ ಸಾಕುವ ಮನೆಯವರ ಕಾರ್ಡಿನಲ್ಲಿ ಅಕ್ಕೋರು ವಿಳಾಸವನ್ನು ಎರಡು ಸಾಲಿನಲ್ಲಿ ಬರೆಯುತ್ತಿದ್ದರು. ಮಳೆಗಾಲದಲ್ಲಿ ಇಂಥ ಊರು, ಬೇಸಿಗೆಯಲ್ಲಿ ಇಂಥ ಕಡೆಯ ಹೊಳೆ ದಂಡೆ, ಗುಡಿಯ ಪೂಜಾರಿಯನ್ನು ಕೇಳಿದರೆ ಹಿಂಡು ಎಲ್ಲಿದೆ ಹೇಳುತ್ತಾನೆ ಎಂದು. ಕಂಪ್ಯೂಟರಿಗೆ ಒಂದೇ ವಿಳಾಸ ಬೇಕು, ಹೊಳೆ ದಂಡೆಗೆ ಪಿನ್‌ಕೋಡ್ ಇಲ್ಲ. ನಾನು ತಲೆ ಚಚ್ಚಿಕೊಂಡರೆ ಅವರು, “ನಿನ್ನ ಡಬ್ಬಿಗಿ ಮಂದಿ ಬದುಕು ಗೊತ್ತಿಲ್ಲ ತಗೊ” ಎಂದು ಶೇಂಗಾ ಸುಲಿದು ನನ್ನ ಮುಂದಿಡುತ್ತಿದ್ದರು.

ಇಷ್ಟರಲ್ಲಿ ಅವರ ಕಣ್ಣಿನ ಪೊರೆ ಬಲಿಯಿತು. ತಮ್ಮನ ಮಗ ಕಲಬುರಗಿಯ ದವಾಖಾನೆಗೆ ಕರೆದುಕೊಂಡು ಹೋದ. ಹದಿನೈದು ದಿನ ಬರುವುದಿಲ್ಲ ಎಂದಾಯಿತು. ಹೋಗುವಾಗ ಹೇಳಿದ್ದು ಒಂದೇ ಮಾತು, “ಕಾರ್ಡ್ ಹ್ಯಾಂಗ ಅದಾವೋ ಹಂಗ ಏರಿಸು. ತಿಳಿಲಿಲ್ಲಂದ್ರ ಬಿಡು, ನಾ ಬಂದು ಹೇಳ್ತೀನಿ.”

ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಎಂಬ ಹುಚ್ಚು. ಬೆಳಗಿನಿಂದ ಸಂಜೆಯವರೆಗೆ ಬೆರಳು ನೋಯುವಂತೆ ಕುಟ್ಟಿದೆ. ಡ್ರಾಯರು ತೆಗೆದಾಗ ಅಲ್ಲೊಂದು ಇಲ್ಲೊಂದು ಕಾರ್ಡು ಬೋರಲಾಗಿ ಕೂತಿರುತ್ತಿತ್ತು, ಫೋಟೋ ಕೆಳಗೆ, ಬರಿ ಬೆನ್ನು ಮೇಲೆ. ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ, ತಿರುಗಾಮುರುಗಾ ಇಟ್ಟಿದ್ದಾರೆ ಎಂದುಕೊಂಡೆ. ಒಂದೊಂದನ್ನೂ ಮೇಲ್ಮುಖ ಮಾಡಿ, ಸಾಲಿಗೆ ಸರಿಯಾಗಿ ಜೋಡಿಸಿ, ಉಳಿದವರಂತೆಯೇ ಕಂಪ್ಯೂಟರಿಗೆ ಏರಿಸಿದೆ. ಒಟ್ಟು ಹನ್ನೊಂದು ಇದ್ದವು. ಎಣಿಸಿದ್ದು ಆಗ ಅಲ್ಲ, ಆಮೇಲೆ.

ಹತ್ತನೆಯ ದಿನ ಸುರಪುರದಿಂದ ಒಂದು ಮನೆಯವರು ಬಂದರು. ಮಗನಿಗೆ ಮೂವತ್ತು, ವಿದ್ಯುತ್ ಸಾಮಾನಿನ ಅಂಗಡಿ, ಮಾತು ಕಡಿಮೆ. ಅಕ್ಕೋರು ಇಲ್ಲ ಎಂದು ತಿಳಿದು ಎದ್ದು ಹೊರಟವರನ್ನು ನಾನೇ ಕೂರಿಸಿದೆ. ಹೊಸ ಕಂಪ್ಯೂಟರಿನ ಚಮತ್ಕಾರ ತೋರಿಸಬೇಕಿತ್ತಲ್ಲ! ವಯಸ್ಸು, ಓದು, ಎತ್ತರ ಎಲ್ಲ ಹಾಕಿ ಒತ್ತಿದೆ. ನಾಲ್ಕು ಹೆಣ್ಣುಗಳು ಪರದೆಯ ಮೇಲೆ ಬಂದವು. ಹುಡುಗನ ತಾಯಿ ಮೂರನೆಯ ಫೋಟೋದ ಮೇಲೆ ಬೆರಳಿಟ್ಟಳು. ಕಕ್ಕೇರಾದ ಹುಡುಗಿ, ಡಿ.ಇಡಿ. ಓದಿದವಳು, ಇಪ್ಪತ್ತಾರು ವರ್ಷ.

ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಚಾಲ್ತಿಯಲ್ಲಿಲ್ಲ ಎಂದಿತು. ಅಲ್ಲಿಗೆ ನಾನು ನಿಲ್ಲಬೇಕಿತ್ತು. ಹೆಣ್ಣಿನ ಮನೆಯವರ ದನಿ ಕೇಳದೆ ಫೋಟೋ ಹೊರಗೆ ಕೊಡಬಾರದು ಎಂಬುದು ಅಕ್ಕೋರ ಕಟ್ಟುನಿಟ್ಟು. ಫೋನ್ ಹತ್ತದಿದ್ದರೆ ಅವರು ಬಸ್ಸು ಹತ್ತುತ್ತಿದ್ದರು. ನಾನು ಫೋಟೋವನ್ನು ಅವರ ಮೊಬೈಲಿಗೆ ಕಳಿಸಿ, ವಿಳಾಸವನ್ನೂ ಬರೆದುಕೊಟ್ಟೆ. “ಕಕ್ಕೇರಾದಾಗ ನಮ್ಮ ಬೀಗರ ಪೈಕಿ ಅದಾರವ್ವ, ಹೋಗಿ ನೋಡಿ ಬರ್ತೀವಿ” ಎಂದರು ಹುಡುಗನ ತಂದೆ. ಮೊದಲ ಜೋಡಿಯನ್ನು ನಾನೇ ಕೂಡಿಸಿದೆ ಎಂದು ಅವತ್ತು ಚಿಕ್ಕಮ್ಮನ ಮನೆಯಲ್ಲಿ ಹೇಳಿಕೊಂಡು ಮೆರೆದೆ.

ಅಕ್ಕೋರು ಕಪ್ಪು ಕನ್ನಡಕ ಹಾಕಿಕೊಂಡು ಮರಳಿ ಬಂದ ದಿನವೇ ಆ ತಂದೆ ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು. ಐದು ಮಂದಿ ಹೂವು, ಹಣ್ಣು, ತೆಂಗಿನಕಾಯಿ ಹಿಡಿದು ಕಕ್ಕೇರಾಕ್ಕೆ ಹೋಗಿದ್ದಾರೆ. ಮನೆಯಲ್ಲಿ ತಾಯಿ ಒಬ್ಬಳೇ. “ನಿಮ್ಮ ಮಗಳನ್ನ ನೋಡಾಕ ಬಂದೀವಿ” ಎಂದು ಹುಡುಗನ ತಾಯಿ ಮೊಬೈಲಿನ ಫೋಟೋ ತೋರಿಸಿದ್ದಾಳೆ. ಆ ಹೆಂಗಸು ಫೋಟೋ ನೋಡಿದಳಂತೆ. ಮಾತಾಡಲಿಲ್ಲವಂತೆ. ಜಮಖಾನೆ ಹಾಸಿ ಕೂರಿಸಿ, ಚಹಾ ಕಾಸಿ ಕೊಟ್ಟು, ಅವರು ಕುಡಿಯುವವರೆಗೂ ಕಾದು, ಆಮೇಲೆ ಒಳಗೆ ಕರೆದು ಗೋಡೆಯ ಮೇಲಿನ ಫೋಟೋ ತೋರಿಸಿದಳಂತೆ. ಅದೇ ಫೋಟೋ. ಮಾಲೆ ಹಾಕಿತ್ತು.

“ನಾಕ ವರ್ಷಾತಂತ್ರಿ ಹೋಗಿ. ಮೂರ ದಿನದ ಜ್ವರ. ಸತ್ತ ಹುಡುಗಿ ನೋಡಾಕ ನಮ್ಮನ್ನ ಕಳಿಸೀರಲ್ರಿ ಅಕ್ಕೋರ… ಆ ತಾಯಿ ಮುಂದ ನಾವು ಹೂವಿನ ಪುಡಿಕಿ ಹಿಡ್ಕೊಂಡು ಕುಂತಿದ್ವಿ.”

ಅವರು ಇಳಿದುಹೋದರು. ಅಕ್ಕೋರು ಕಪಾಟಿನ ಹತ್ತಿರ ಹೋಗಿ ಒಂದು ಡ್ರಾಯರಿನಲ್ಲಿ ಕೈಯಾಡಿಸಿದರು, ಇನ್ನೊಂದರಲ್ಲಿ ಆಡಿಸಿದರು. ಕಣ್ಣಿಗಿಂತ ಅವರ ಬೆರಳಿಗೇ ಹೆಚ್ಚು ಗೊತ್ತಿತ್ತು.

“ಬೋರಲ ಇದ್ದವಲ್ಲ, ಎಲ್ಲಿ?”

“ಸರಿ ಮಾಡಿ ಇಟ್ಟೀನ್ರಿ” ಎಂದೆ.

ಹೇಳುತ್ತಿದ್ದಂತೆ ನನಗೆ ಅರ್ಥವಾಯಿತು. ಯಾರೂ ವಿವರಿಸಬೇಕಾಗಲಿಲ್ಲ. ಆದರೂ ಅವರು ಹೇಳಿದರು. ತೀರಿಹೋದವರ ಕಾರ್ಡನ್ನು ಅವರು ಹರಿದುಹಾಕುತ್ತಿರಲಿಲ್ಲ. ಹರಿದರೆ ಮರೆತುಹೋಗುತ್ತದೆ. ನಾಳೆ ಅದೇ ಮನೆಯವರು ಎದುರಾದಾಗ ನಿನ್ನ ದೊಡ್ಡ ಮಗಳ ಸುದ್ದಿ ಏನು, ಇನ್ನೂ ಎಲ್ಲೂ ಕೂಡಿಬರಲಿಲ್ಲೇನು ಎಂದು ಬಾಯಿ ಕೇಳಿಬಿಡುತ್ತದೆ. ಹಾಗೆ ಕೇಳಬಾರದೆಂದೇ ಆ ಕಾರ್ಡು ಅದರ ಜಾಗದಲ್ಲೇ ಇರಬೇಕು, ಆದರೆ ಮುಖ ಕೆಳಗಾಗಿ. ಕೈ ತಾಕಿದ ಕೂಡಲೇ ಗೊತ್ತಾಗಬೇಕು. ಕಂಪ್ಯೂಟರಿನಲ್ಲಿ ಬೋರಲು ಎಂಬುದು ಇರಲಿಲ್ಲ. ನಾನು ಹನ್ನೊಂದು ಜನರನ್ನು ಎಬ್ಬಿಸಿ ಕೂರಿಸಿದ್ದೆ. ಇಪ್ಪತ್ತೆರಡಕ್ಕೆ ತೀರಿಹೋದ ಹುಡುಗಿಗೆ ಹುಟ್ಟಿದ ತಾರೀಖಿನಿಂದ ಲೆಕ್ಕ ಹಾಕಿ ಆ ಯಂತ್ರ ಇಪ್ಪತ್ತಾರು ಎಂದು ತೋರಿಸಿತ್ತು.

ನಾನು ಅತ್ತೆ. ಕೆಲಸ ಬಿಟ್ಟು ಹೋಗುತ್ತೇನೆ ಎಂದೆ. ಅಕ್ಕೋರು, “ಅಳೋದು ಆಮ್ಯಾಲ ಅಳು. ಈಗ ನಡಿ” ಎಂದು ಕೊಡೆ ಎತ್ತಿಕೊಂಡರು. ಬಿಸಿಲಿಗೆ ಕಣ್ಣು ತೆರೆಯಬಾರದು, ಧೂಳು ತಾಕಬಾರದು ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ತಮ್ಮನ ಮಗ ಕೆಳಗೆ ನಿಂತು ಬೇಡವೆಂದು ಜಗಳಾಡಿದ. ಅವರು ಕೇಳಲಿಲ್ಲ. ಸುರಪುರದವರೆಗೆ ಒಂದು ಬಸ್ಸು, ಅಲ್ಲಿಂದ ಕಕ್ಕೇರಾಕ್ಕೆ ಇನ್ನೊಂದು. ಕಿಟಕಿಯ ಪಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತ ಅವರು ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳನ್ನು ನೋಡುತ್ತ ನಾನು ಆ ತಾಯಿಯ ಮುಂದೆ ಏನು ಹೇಳಬೇಕೆಂದು ಹತ್ತು ಸಲ ಉರು ಹೊಡೆದೆ. ನಾನೇ ಮಾಡಿದ್ದು, ನನಗೆ ಗೊತ್ತಿರಲಿಲ್ಲ, ಕ್ಷಮಿಸಿ. ಮೂರೇ ತುಂಡು ಮಾತು.

ಆ ತಾಯಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಅಕ್ಕೋರನ್ನು ಕಂಡು ಎದ್ದು ನಿಂತರು. ಕೂರಿರಿ ಎಂದರೂ ಅಕ್ಕೋರು ಕೂರಲಿಲ್ಲ.

“ಗಲ್ತಿ ಆಗ್ಯಾದವ್ವ. ನಂದೇ ಗಲ್ತಿ. ಕಣ್ಣು ಕಾಣ್ತಿದ್ದಿಲ್ಲ, ಮಗಳ ಕಾರ್ಡ್ ಹೊಳ್ಳಿ ಹಾಕೀನಿ.”

ನಾನು ಬಾಯಿ ತೆರೆದೆ. ಅಕ್ಕೋರು ನನ್ನ ಕಡೆ ತಿರುಗಲೂ ಇಲ್ಲ, ನನ್ನ ಮುಂಗೈಯನ್ನು ಒಮ್ಮೆ ಒತ್ತಿದರು. ನಾನು ಬಾಯಿ ಮುಚ್ಚಿದೆ. ಅವರು ಒತ್ತಿದ್ದಕ್ಕೆ ಮುಚ್ಚಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮುಚ್ಚಲು ಒಂದು ನೆಪ ನನಗೆ ಬೇಕಾಗಿತ್ತು, ಸಿಕ್ಕಿತು.

ಆ ತಾಯಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ರಾಶಿಗೆ ಹಾಕಿದರು.

“ಸಿಟ್ಟಿಲ್ಲಂದ್ರ ಸುಳ್ಳಾಗ್ತದ್ರಿ ಅಕ್ಕೋರ. ಸಿಟ್ಟು ಬಂದಾದ. ನಮ್ಮನಿಯವ್ರಿಗೆ ಇನ್ನಾ ಹೇಳಿಲ್ಲ, ಹೇಳಿದ್ರ ಅವ್ರು ಊಟ ಬಿಡ್ತಾರ…” ಎಂದು ನಿಲ್ಲಿಸಿದರು. “ಹುಡುಗಿಗಿ ಇಪ್ಪತ್ತಾರು ಅಂದ್ರು ಅವರು. ನನ್ನ ತಲ್ಯಾಗ ಆಕಿ ಇಪ್ಪತ್ತೆರಡಕ್ಕ ನಿಂತಾಳ್ರಿ. ಇಪ್ಪತ್ತಾರಕ್ಕ ಹ್ಯಾಂಗಿರ್ತಿದ್ಳು ಅಂತ ಅವತ್ತಿಂದ ಅದ ನೋಡಾಕತ್ತೀನಿ. ಆ ಗಂಡಿನ ತಾಯಿ ಎಷ್ಟು ಚಂದ ಅದಾಳ ಅಂದ್ಳು. ಅದಾಳ ಅಂತ. ಆ ಮಾತು ಕೇಳಿ ಎಷ್ಟು ದಿನ ಆಗಿತ್ತು…”

ಅಕ್ಕೋರ ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಆಪರೇಷನ್ ಆದ ಕಣ್ಣಿಗೆ ನೀರು ಬರಬಾರದು ಎಂದಿದ್ದರು. ನಾನು ಅದನ್ನೂ ಹೇಳಲಿಲ್ಲ.

“ಕಾರ್ಡ್ ಸುಟ್ಟುಬಿಡ್ಲೇನವ್ವ? ನೀ ಹ್ಯಾಂಗ ಹೇಳ್ತಿ ಹಂಗ” ಎಂದರು ಅಕ್ಕೋರು.

“ಬ್ಯಾಡ್ರಿ. ಆಕಿ ಹೆಸರು ಎಲ್ಲೆರ ಒಂದ ಕಡಿ ಇರ್ಲಿ. ಯಾರಿಗೂ ತೋರಸಬ್ಯಾಡ್ರಿ, ಅಷ್ಟ.”

ಹೊರಡುವಾಗ ಅವರು ಒಂದು ಚೀಲ ಮೆಣಸಿನಕಾಯಿ ಕೊಟ್ಟರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಎಂದರು. ಹೊಸ ಫೋನ್ ನಂಬರನ್ನು ನನ್ನ ಕೈಯಲ್ಲೇ ಬರೆಸಿದರು.

ಮರುದಿನದಿಂದ ಹಾಜರಿ ಶುರುವಾಯಿತು. ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಮುಂದೆ ಎರಡು ಹೊಸ ಕಾಲಂ ಹಾಕಿಸಿದರು. ಒಂದರಲ್ಲಿ ಇವರ ಸ್ಥಿತಿ ಏನು, ಇನ್ನೊಂದರಲ್ಲಿ ಇವರ ದನಿಯನ್ನು ನಾವು ಕಡೆಗೆ ಕೇಳಿದ್ದು ಯಾವತ್ತು. ಬೋರಲು ಎಂಬ ಗುರುತೂ ಬಂತು. ಆ ಗುರುತಿದ್ದವರು ಪಟ್ಟಿಯಲ್ಲಿರುತ್ತಾರೆ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ದನಿ ಕೇಳದೆ ಯಾರನ್ನೂ ನಿಷ್ಕ್ರಿಯ ಎಂದು ಬರೆಯುವ ಹಾಗಿಲ್ಲ. ಊಟವಾದ ಮೇಲೆ ಅಕ್ಕೋರು ಕನ್ನಡಕ ಏರಿಸಿ ಕೂತು ಹೆಸರು ಕೂಗುವುದು, ನಾನು ನಂಬರ್ ಒತ್ತುವುದು. ಅದರಲ್ಲೂ ಏನು ನಗೆಪಾಟಲು! “ಎರಡ ಮಕ್ಕಳಾದ್ವು ಅಕ್ಕೋರ, ಈಗ ಹೆಣ್ಣು ತೋರಸ್ತೀನಿ ಅಂತೀರಲ್ಲ, ನನ್ನ ಹೇಣ್ತಿ ಬಾಜೂಕ ಕುಂತಾಳ” ಎಂದು ಒಬ್ಬ ಕಿರುಚಿದ. ಹತ್ತು ವರ್ಷ ಸುದ್ದಿಯಿಲ್ಲದ ನಲವತ್ತನಾಲ್ಕರ ಒಬ್ಬರು, “ಇನ್ನಾ ನನ್ನ ಕಾರ್ಡ್ ಅದಾ?” ಎಂದು ಕೇಳಿ, ಮುಂದಿನ ವಾರ ಹೊಸ ಫೋಟೋ ತೆಗೆಸಿಕೊಂಡು ಬಂದರು. ಅವರ ಮದುವೆಯೂ ಆಯಿತು. ಕೋರ್ಸಿನ ಸರ್ ಪ್ರಕಾರ ಅವರು ಕಸವಾಗಿ ಹತ್ತು ವರ್ಷವಾಗಿತ್ತು. ನನ್ನ ಸಿಟ್ಟು ಕಡಿಮೆಯಾದದ್ದು ಆ ಮಧ್ಯಾಹ್ನಗಳಲ್ಲಿ. ತಪ್ಪು ಒಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಕಕ್ಕೇರಾದ ನಂಬರ್ ಬಂದಾಗಲೆಲ್ಲ ಅಕ್ಕೋರೇ ಫೋನ್ ತೆಗೆದುಕೊಂಡು ಮಾತಾಡುತ್ತಿದ್ದರು, ಬೆಳೆ ಹೇಗಿದೆ, ಮಂಡಿ ನೋವು ಹೇಗಿದೆ ಎಂದು. ನಾನು ಆ ಹೊತ್ತಿಗೆ ನೀರು ತರಲು ಕೆಳಗೆ ಇಳಿದುಬಿಡುತ್ತಿದ್ದೆ.

ಆಮೇಲೆ ನನಗೆ ಯಾದಗಿರಿಯಲ್ಲಿ ಬೈಕು ಮಾರುವ ಕಂಪನಿಯೊಂದರಲ್ಲಿ ಗ್ರಾಹಕರ ದಾಖಲೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂರು ವರ್ಷ ಸರ್ವಿಸಿಗೆ ಬಾರದವರ ಹೆಸರು ತೆಗೆಯಿರಿ ಎಂದು ಅಲ್ಲಿ ವರ್ಷಕ್ಕೊಮ್ಮೆ ಆದೇಶ ಬರುತ್ತದೆ, ನಾನು ತೆಗೆಯುತ್ತೇನೆ, ಅದು ಬೈಕು. ಮದುವೆಯೂ ಆಯಿತು, ಅಕ್ಕೋರ ಕಪಾಟಿನಿಂದಲ್ಲ, ನಾನೇ ನೋಡಿಕೊಂಡದ್ದು. “ಬೆಲ್ಲದ ಅಂಗಡ್ಯಾಗ ಕುಂತು ಹೊರಗಿಂದ ಬೆಲ್ಲ ತಂದಿ” ಎಂದು ಅವರು ಕಿವಿ ಹಿಂಡಿದರು. ಮೊದಮೊದಲು ತಿಂಗಳಿಗೊಮ್ಮೆ ಶಹಾಪುರಕ್ಕೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ… ಜನ ಮೊಬೈಲಿನಲ್ಲೇ ಹೆಣ್ಣು ಗಂಡು ನೋಡತೊಡಗಿದ್ದರು. ಕೋಣೆಯ ಮೆಟ್ಟಿಲು ಹತ್ತುವವರು ಕಡಿಮೆಯಾದರು, ಹತ್ತಲು ಅಕ್ಕೋರ ಕಾಲಿಗೂ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಅವರ ತಮ್ಮನ ಮಗ ಫೋನ್ ಮಾಡಿದ. ಮೊದಲ ಬಸ್ಸಿಗೆ ಹೋದೆ. ಅಕ್ಕೋರ ಮಣ್ಣಿಗೆ ಹದಿನೈದು ಮಂದಿ ಇದ್ದೆವೋ ಇಲ್ಲವೋ. ಓಣಿಯವರು, ಹತ್ತಿಬೀಜದ ಅಂಗಡಿಯವರು, ಅವರ ಜೊತೆ ಕಲಿಸಿದ್ದ ಇಬ್ಬರು ಮುದುಕರು. ಎಷ್ಟು ಮನೆಗಳ ದೀಪ ಹಚ್ಚಿದ ಹೆಂಗಸು, ಒಬ್ಬ ಮದುಮಗ, ಒಬ್ಬ ಮದುಮಗಳು ಬರಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು ಎಂದು ಅಲ್ಲೇ ನಿಂತು ಆಡಿದೆ. ಆಮೇಲೂ ಸಿಕ್ಕ ಸಿಕ್ಕವರ ಮುಂದೆ ಎರಡು ವರ್ಷ ಅದನ್ನೇ ಆಡಿಕೊಂಡು ಬಂದೆ. ಮಂದಿಯ ಕೃತಘ್ನತೆಯ ಮೇಲೆ ನಾನು ಮಾಡಿದ ಭಾಷಣ ನನ್ನ ಗಂಡನಿಗೆ ಬಾಯಿಪಾಠವಾಗಿದೆ.

ಹೋದ ತಿಂಗಳು ಆ ತಮ್ಮನ ಮಗ ಬಂದಿದ್ದ. ಸುರಪುರದಲ್ಲಿ ಯಾರೋ ಹೊಸದಾಗಿ ವಧೂವರರ ಕೇಂದ್ರ ತೆರೆಯುತ್ತಾರಂತೆ, ಅಕ್ಕೋರ ಪಟ್ಟಿ ಕೇಳಿದ್ದಾರೆ. “ಹಳೇವು, ಸತ್ತವು, ಲಗ್ನ ಆದವು ಎಲ್ಲಾ ತಗದು, ಚಾಲೂ ಇದ್ದವಷ್ಟ ಮಾಡಿ ಕೊಡ್ರಿ ಅಕ್ಕಾ” ಎಂದು ಒಂದು ಪೆನ್‌ಡ್ರೈವ್ ಮೇಜಿನ ಮೇಲಿಟ್ಟು ಹೋದ. ಅವರವರನ್ನು ಕೇಳದೆ ಕೊಡುವುದಿಲ್ಲ ಎಂದು ನಾನು ಹೇಳಿದ್ದೆ, ಕೇಳುವ ಕೆಲಸಕ್ಕೆ ಮಾತ್ರ ಕೈ ಹಾಕಿರಲಿಲ್ಲ. ಮೊನ್ನೆ ಸಕ್ಕರೆ ತಂದಿಟ್ಟವಳೇ ಅದನ್ನು ತೆರೆದು ಕೂತೆ. ಯಾರಿಂದ ಶುರು ಮಾಡಬೇಕೆಂದು ಯೋಚಿಸಬೇಕಾಗಿರಲಿಲ್ಲ.

ಎರಡು ಸಲ ಗಂಟೆ ಹೊಡೆದ ಮೇಲೆ ಆ ತಾಯಿಯೇ ಎತ್ತಿದರು. ಯಾರೆಂದು ಹೇಳಿದೆ. “ಕಂಪ್ಯೂಟರ್ ಹುಡುಗಿ ಹೌದಲ್ಲೋ?” ಎಂದರು. ಹತ್ತು ವರ್ಷದಿಂದ ಉರು ಹೊಡೆದಿದ್ದ ಮೂರು ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಅಕ್ಕೋರಲ್ಲ, ಕಾರ್ಡು ತಿರುವಿದ್ದು ನಾನು.

ಅವರು ಸಣ್ಣಗೆ ನಕ್ಕರು. “ನನಗ ಅವತ್ತ ಗೊತ್ತಾಗಿತ್ತವ್ವ. ನಿನ್ನ ಮಾರಿ ಸುಣ್ಣ ಬಳದಂಗಿತ್ತು. ಅಕ್ಕೋರು ನಿನ್ನ ಕೈ ಹಿಡಿದಿದ್ದು ನೋಡೀನಿ. ಹೋಗ್ಲಿ ಬಿಡು.” ನನ್ನ ಎದೆಯ ಭಾರ ಇಳಿಯಿತು. ಎಷ್ಟು ಹಗುರ ಎಂದುಕೊಳ್ಳುವಷ್ಟರಲ್ಲಿ ಅವರೇ ಕೇಳಿದರು.

“ಅಕ್ಕೋರು ಆರಾಮ ಅದಾರಾ?”

ಅದಾರಾ ಎಂದು ಕೇಳಿದರು. ಆ ಹೂವಿನ ಪೊಟ್ಟಣದವರ ಮುಂದೆ ಇವರು ಚಹಾ ಕಾಸುತ್ತ ಎಷ್ಟು ಹೊತ್ತು ಸುಮ್ಮನಿದ್ದರೋ, ನನಗೂ ಅಷ್ಟೇ ಹೊತ್ತು ಬೇಕಾಯಿತು. ಹೇಳಿದೆ. ಎರಡು ವರ್ಷವಾಯಿತು ಎಂದೂ ಹೇಳಿದೆ.

ಆ ಕಡೆ ಆಡಿನ ಮರಿಯೊಂದು ಒದರುತ್ತಿತ್ತು.

“ಯಾರೂ ಹೇಳ್ಲಿಲ್ಲಲ್ಲವ್ವ. ಮಣ್ಣಿಗಿ ಬರ್ತಿದ್ದೆ. ನಮ್ಮೂರಾಗ ಅಕ್ಕೋರು ಮಾಡಿದ ಲಗ್ನ ಆರು ಅದಾವ, ಎಲ್ಲಾರು ಒಂದು ಟಂಟಂ ಗಾಡಿ ಮಾಡ್ಕೊಂಡು ಬರ್ತಿದ್ವಿ…” ಆಮೇಲೆ ಕೇಳಿದರು, “ಎಲ್ಲಾರ ನಂಬರ್ ನಿನ್ನ ಹತ್ರ ಇದ್ವಲ್ಲ?”

ಬೈಯಲಿಲ್ಲ. ಸುಮ್ಮನೆ ಕೇಳಿದರು, ಗೊತ್ತಿಲ್ಲದ್ದನ್ನು ಕೇಳುವ ಹಾಗೆ. ಹೌದು, ಎಲ್ಲರ ನಂಬರೂ ನನಗೆ ಸಿಗುತ್ತಿತ್ತು. ಅವತ್ತು ಮುಂಜಾನೆ ಆ ಕೋಣೆಯ ಕಂಪ್ಯೂಟರ್ ಚಾಲೂ ಮಾಡಿ ಕೂತಿದ್ದರೆ ಮಧ್ಯಾಹ್ನದೊಳಗೆ ಅರ್ಧ ಜಿಲ್ಲೆಗೆ ಸುದ್ದಿ ಮುಟ್ಟುತ್ತಿತ್ತು. ಮದುವೆಯಾದವರು ಎಂದರೆ ಮುಗಿದವರು ಎಂದು ನನ್ನ ತಲೆಯೊಳಗೆ ಇನ್ನೂ ಇತ್ತು ಎಂದು ಕಾಣುತ್ತದೆ, ಒಬ್ಬರ ನೆನಪೂ ಬರಲಿಲ್ಲ. ಬಾರದವರನ್ನು ಬೈಯುತ್ತ ನಿಂತಿದ್ದೆ. ಅಕ್ಕೋರನ್ನು ಹದಿನೈದು ಮಂದಿಯ ನಡುವೆ ಮಣ್ಣು ಮಾಡಿಸಿದವಳು ನಾನು. ಇದನ್ನು ಈಗ ಯಾರ ಕೈ ಹಿಡಿದು ಒಪ್ಪಿಕೊಳ್ಳಲಿ?

ಅವತ್ತಿನಿಂದ ದಿನಾ ಕೆಲಸ ಮುಗಿಸಿ ಬಂದು ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದೇನೆ, ಕಾರ್ಡಿನ ಮೇಲ್ತುದಿ ಮಡಚಿದ್ದ ಮದುವೆಯಾದವರಿಂದಲೇ. ಕೆಲವು ನಂಬರ್ ಹತ್ತುವುದಿಲ್ಲ, ಅವರ ಊರಿನ ಹೆಸರು ಬೇರೆ ಬರೆದಿಟ್ಟುಕೊಂಡಿದ್ದೇನೆ, ಭಾನುವಾರ ಬಸ್ಸು ಹತ್ತಬೇಕು. ಫೋನ್ ಹತ್ತಿದವರಿಗೆ ನಾನು ಶಹಾಪುರದ ಅಕ್ಕೋರ ಕಡೆಯವಳು ಎನ್ನುತ್ತೇನೆ. ಮುಂದಿನ ಮಾತು ನನ್ನ ಬಾಯಿಗೆ ಬರುವ ಮೊದಲೇ ಅವರು ಕೇಳುತ್ತಾರೆ, ಅಕ್ಕೋರು ಹ್ಯಾಂಗದಾರ ಎಂದು. ಯಾವ ಅಕ್ಕೋರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.